ರೇಡಿಯೊ ಪಾಲಿನ ಅಕ್ಕಿ

ನನ್ನ ಗಂಡ ಸತ್ತು ಒಂದು ವರ್ಷ ಏಳು ತಿಂಗಳಾಯಿತು. ಸರ್ಕಾರ ಮಾತ್ರ ಅವನು ಬದುಕಿದ್ದಾನೆ ಅನ್ನುತ್ತದೆ. ತಿಂಗಳು ತಿಂಗಳು ಅವನ ಪಾಲಿನ ಐದು ಕೆಜಿ ಅಕ್ಕಿ ಕೊಡುತ್ತದೆ.

ಅವನ ಹೆಸರು ರೇಡಿಯೊ. ನಗುವವರು ಈಗಲೇ ನಕ್ಕುಬಿಡಿ, ಆಮೇಲೆ ಮುಂದಕ್ಕೆ ಓದಿ. ಅವನು ಹುಟ್ಟಿದ ದಿನ ನಮ್ಮವರ ಬಿಡಾರಕ್ಕೆ ಮೊದಲನೇ ರೇಡಿಯೊ ಬಂತು. ಅದಕ್ಕೆ ಆ ಹೆಸರು. ನಾನು ಸೋಮವಾರ ಹುಟ್ಟಿದವಳು, ಸೋಮಿ. ನಾವು ಹಕ್ಕಿಪಿಕ್ಕಿ ಜನ. ಹುಣಸೂರಿನಿಂದ ಪಿರಿಯಾಪಟ್ಟಣಕ್ಕೆ ಹೋಗುವ ಬಸ್ಸು ಹತ್ತಿ, ನಡುವೆ ಇಳಿದು, ಎಡಕ್ಕೆ ಎರಡು ಮೈಲಿ ನಡೆದರೆ ನಮ್ಮ ಕಾಲನಿ. ಮನೆಯಲ್ಲಿ ನಮ್ಮ ಮಾತು ವಾಗ್ರಿ. ಇದನ್ನೂ ನಾನು ವಾಗ್ರಿಯಲ್ಲೇ ಹೇಳಿದೆ. ಮಗಳು ಪ್ರೇಮಾ ಕನ್ನಡದಲ್ಲಿ ಬರೆದಳು. ಅವಳು ಹುಣಸೂರಿನಲ್ಲಿ ಬಿ.ಎ. ಓದುತ್ತಾಳೆ. ಎರಡು ಕಡೆ ‘ಅಮ್ಮ ಬಿಕ್ಕಿ ಬಿಕ್ಕಿ ಅತ್ತಳು’ ಅಂತ ಬರೆದಿದ್ದಳು. ಹೊಡೆದುಹಾಕು ಅಂದೆ. ಅತ್ತಿದ್ದೇನೆ, ಇಲ್ಲ ಅನ್ನುವುದಿಲ್ಲ. ಆದರೆ ಅಳುವ ಹೆಂಗಸಿನ ಮಾತನ್ನು ಯಾರೂ ಪೂರ್ತಿ ಕೇಳುವುದಿಲ್ಲ.

ಅವನು ಸತ್ತ ಅನ್ನುವ ಸರ್ಕಾರಿ ಕಾಗದ ನನಗೆ ಯಾಕೆ ಬೇಕು ಅಂತ ಮೊದಲೇ ಹೇಳುತ್ತೇನೆ. ರೇಡಿಯೊನ ಅಪ್ಪನಿಗೆ ಸರ್ಕಾರ ಎರಡು ಎಕರೆ ಕೊಟ್ಟಿತ್ತು. ಅದು ಈಗ ರೇಡಿಯೊ ಹೆಸರಿನಲ್ಲಿದೆ. ಪಕ್ಕದ ಜಮೀನು ನಂಜಣ್ಣನದು. ನಾವು ಊರಲ್ಲಿಲ್ಲದಾಗ ಅವನು ಬಾಂದುಕಲ್ಲು ಕಿತ್ತು ನಮ್ಮ ಕಡೆಗೆ ನೆಟ್ಟ. ಮುಕ್ಕಾಲು ಎಕರೆ ಒಳಗೆ ಹಾಕಿಕೊಂಡು ಹೊಗೆಸೊಪ್ಪು ಬೆಳೆದ. ನಾನು ಅಳತೆ ಮಾಡಿಸಿ ಅಂತ ತಾಲ್ಲೂಕು ಕಚೇರಿಗೆ ಅರ್ಜಿ ಕೊಟ್ಟೆ. ಜಮೀನಿನ ಮಾಲೀಕರೇ ಬಂದು ನಿಲ್ಲಬೇಕು ಅಂದರು. ಮಾಲೀಕ ಸತ್ತಿದ್ದಾನೆ ಅಂದೆ. ಹಾಗಾದರೆ ಸತ್ತ ಕಾಗದ ತಂದು ಖಾತೆ ನಿನ್ನ ಹೆಸರಿಗೆ ಮಾಡಿಸಿಕೊ, ಆಮೇಲೆ ಅಳತೆ ಅಂದರು. ಅಲ್ಲಿಂದ ಶುರುವಾಯಿತು ನನ್ನ ನಡಿಗೆ.

ನಂಜಣ್ಣ ಸಿಕ್ಕಾಗಲೆಲ್ಲ ಕೇಳುತ್ತಿದ್ದ.

“ಎಲ್ಲಮ್ಮಿ ನಿನ್ ಗಂಡ? ಅವ್ನ್ನ ಕರ್ಕೊಂಡ್ ಬಾ. ಅವ್ನು ಬಂದು ಇದು ನಂದು ಅನ್ಲಿ, ಈಗ್ಲೇ ಬುಟ್ಕೊಡ್ತೀನಿ.”

ಅವನಿಗೆ ಎಲ್ಲ ಗೊತ್ತು. ಗೊತ್ತಿದ್ದೇ ಕೇಳುತ್ತಿದ್ದ.

ನನಗೆ ಕೂಲಿ ಕೊಡುವವನೂ ಅವನೇ. ಸೀಸನ್ನಿನಲ್ಲಿ ಅವನ ಸೊಪ್ಪು ಒಣಗಿಸುವ ಬ್ಯಾರನ್ನಿನ ಮುಂದೆ ಕೂತು ಹೊಗೆಸೊಪ್ಪು ಕಟ್ಟುತ್ತೇನೆ. ಹಸಿ ಎಲೆ ಎರಡೆರಡೇ ಜೋಡಿಸಿ ಕೋಲಿಗೆ ದಾರದಲ್ಲಿ ಬಿಗಿಯಬೇಕು. ಬೆಳಿಗ್ಗೆಯಿಂದ ಸಂಜೆವರೆಗೆ. ಎಲೆಯ ಅಂಟು ಕೈಗೆ ಹತ್ತಿ ಕಪ್ಪಾಗುತ್ತದೆ. ಸೋಪಿಗೆ ಹೋಗುವುದಿಲ್ಲ, ಮಣ್ಣು ಹಾಕಿ ಉಜ್ಜಬೇಕು. ಊಟಕ್ಕೆ ಕೂತರೆ ತುತ್ತು ಕಹಿ. ತಲೆ ತಿರುಗುತ್ತದೆ, ವಾಂತಿ ಬರುತ್ತದೆ. ನನ್ನ ಹೊಲದಲ್ಲಿ ಬೆಳೆದ ಸೊಪ್ಪನ್ನು ನಾನೇ ಅವನಿಗೆ ಕಟ್ಟಿಕೊಟ್ಟೆ. ಹೊಟ್ಟೆ ಕೇಳಬೇಕಲ್ಲ.

ಈ ಕೈಗಳು ಮೊದಲು ಈ ಕೆಲಸದವಲ್ಲ. ಇವು ತಲೆಗೆ ಎಣ್ಣೆ ಹಾಕುವ ಕೈಗಳು.

ನಮ್ಮ ತಾತಂದಿರು ಗೌಜಲಕ್ಕಿ ಹಿಡಿದು ಮಾರಿದರು. ಹಕ್ಕಿ ಹಿಡಿದರೆ ಜೈಲು ಅಂತ ಕಾನೂನು ಬಂತು. ನಮ್ಮ ಅವ್ವಂದಿರು ಪಿನ್ನು, ಮಣಿಸರ, ಪ್ಲಾಸ್ಟಿಕ್ ಹೂವು ಹೊತ್ತು ಜಾತ್ರೆ ಜಾತ್ರೆ ಸುತ್ತಿದರು. ನಾವು ಬೇರು ಸೊಪ್ಪು ಹಾಕಿ ಕೊಬ್ಬರಿ ಎಣ್ಣೆ ಕಾಯಿಸಿ ತಲೆಗೆಣ್ಣೆ ಮಾಡಿದೆವು. ಇಲ್ಲಿ ಕೊಳ್ಳುವವರು ಗೇಟಿನಾಚೆಯೇ ನಿಲ್ಲಿಸುತ್ತಾರೆ. “ಬಾಟ್ಲು ಅಲ್ಲೇ ಕಟ್ಟೆ ಮೇಲಿಡು” ಅನ್ನುತ್ತಾರೆ. ಎಣ್ಣೆ ಬೇಕು, ಎಣ್ಣೆ ಮಾಡಿದ ಕೈ ಬೇಡ. ಹುಣಸೂರು, ಕೆ.ಆರ್. ನಗರ, ಸಾಲಿಗ್ರಾಮ, ಎಚ್.ಡಿ. ಕೋಟೆ, ಎಲ್ಲ ಕಡೆ ಇಪ್ಪತ್ತು ವರ್ಷ ತಿರುಗಿದ್ದೇನೆ. ಒಬ್ಬ ಹೆಂಗಸೂ ಬಾ, ನನ್ನ ತಲೆಗೆ ಹಚ್ಚು ಅಂದವಳಲ್ಲ.

ಅದಕ್ಕೇ ನಮ್ಮವರು ದೇಶ ಬಿಟ್ಟು ಹೋಗುವುದು. ನಮ್ಮ ಕಾಲನಿಯಲ್ಲಿ ಅರ್ಧ ಜನ ಆಫ್ರಿಕಾ ಕಂಡವರೇ. ನಾವು ಹೋದದ್ದು ಟೋಗೊ ದೇಶಕ್ಕೆ. ಪ್ರೇಮಾಳನ್ನು ನಮ್ಮವ್ವನ ಹತ್ತಿರ ಬಿಟ್ಟು ಹೋದೆವು. ಮೂರು ಸಲ ಹೋಗಿ ಬಂದೆವು. ನಾಲ್ಕನೇ ಸಲ ಇಬ್ಬರು ಹೋಗಿ ಒಬ್ಬಳು ಬಂದೆ.

ಅಲ್ಲಿ ಮಾರ್ಕೆಟ್ಟಿನಲ್ಲಿ ಮರದ ಕೆಳಗೆ ಒಂದು ಕುಳ್ಳ ಸ್ಟೂಲು ಹಾಕಿ ಕೂರುತ್ತಿದ್ದೆ. ಹೆಂಗಸರು ಬಂದು ನೆಲದ ಮೇಲೆ ನನ್ನ ಕಾಲ ನಡುವೆ ಕೂತು ತಲೆಯನ್ನು ನನ್ನ ಮಡಿಲಿಗೆ ಕೊಡುತ್ತಿದ್ದರು. ಜಡೆಯ ಸಾಲು ಸಾಲು ಬಿಡಿಸಿ, ಬುಡಕ್ಕೆ ಎಣ್ಣೆ ಬಿಟ್ಟು, ಬೆರಳಲ್ಲಿ ತಿಕ್ಕುತ್ತಿದ್ದೆ. ದಿನಕ್ಕೆ ಇಪ್ಪತ್ತು ತಲೆ, ಮೂವತ್ತು ತಲೆ. ಸಂಜೆಗೆ ಹೆಬ್ಬೆರಳು ಮಡಚಲು ಬರುತ್ತಿರಲಿಲ್ಲ. ಕೆಲವರು ಹಾಗೇ ನಿದ್ದೆ ಹೋಗುತ್ತಿದ್ದರು. ನನ್ನ ಸೀರೆಯ ಮೇಲೆ ಬಾಯಿ ತೆರೆದು ಮಲಗುತ್ತಿದ್ದರು. ನಲವತ್ತು ವರ್ಷ ಬದುಕಿದ್ದೇನೆ, ಬೇರೆ ಜನ ನನ್ನನ್ನು ಅಷ್ಟು ನಂಬಿ ಮುಟ್ಟಿದ್ದು ಅದೇ ಮೊದಲು.

ಅಫಿ ಸಿಕ್ಕಿದ್ದು ಹಾಗೆಯೇ. ಅವಳು ಬಟ್ಟೆ ಮಾರುವವಳು. ದೊಡ್ಡ ದೊಡ್ಡ ಹೂವಿನ, ಮೀನಿನ, ಬೀಸಣಿಗೆಯ ಚಿತ್ರದ ಬಟ್ಟೆ. ಗಂಡಸರಿಗೆ ಹೆದರದ ಹೆಂಗಸು. ಅವಳ ಮಾತು ನನಗೆ ಬಾರದು, ನನ್ನದು ಅವಳಿಗೆ ಬಾರದು. ಆದರೂ ದಿನವಿಡೀ ಮಾತಾಡುತ್ತಿದ್ದೆವು. ಅವರಲ್ಲಿ ಹುಟ್ಟಿದ ವಾರವೇ ಹೆಸರು. ಶುಕ್ರವಾರ ಹುಟ್ಟಿದವಳು ಅಫಿ. ಸೋಮವಾರದವಳು ಅಜೋ. ಹಾಗಾಗಿ ನಾನು ಅಲ್ಲಿ ಅಜೋ ಆದೆ. ರೇಡಿಯೊ ಹೆಸರು ಕೇಳಿ ಅವಳೂ ನಕ್ಕಳು. ಹುಟ್ಟಿದ ದಿನ ರೇಡಿಯೊ ಬಂತು ಅಂತ ಕೈಸನ್ನೆ ಮಾಡಿ ಹೇಳಿದೆ. ನಗು ನಿಲ್ಲಿಸಿ ತಲೆ ಆಡಿಸಿದಳು. ಸರಿಯಾಗಿಯೇ ಇಟ್ಟಿದ್ದಾರೆ ಅನ್ನುವ ಹಾಗೆ. ಆಮೇಲೆ ಅವನನ್ನು ಆ ಹೆಸರಿನಲ್ಲಿ ಕರೆದು ಯಾರೂ ನಗಲಿಲ್ಲ.

ಅದು ಸ್ವರ್ಗ ಅಂತ ನಾನು ಹೇಳುತ್ತಿಲ್ಲ. ಅಲ್ಲೂ ಕಸಿಯುವವರಿದ್ದರು, ಕೂಗಾಡುವವರಿದ್ದರು. ಆದರೆ ಗೇಟಿನಾಚೆ ನಿಲ್ಲಿಸಲಿಲ್ಲ.

ಈಗ ನನ್ನ ತಪ್ಪು ಹೇಳಬೇಕು.

ನೊತ್ಸೆ ಅನ್ನುವ ಊರು ದಾಟಿ ಅಫಿಯ ಹಳ್ಳಿ. ಸಂತೆಗೆ ಅಂತ ಅಲ್ಲಿಗೆ ಹೋಗಿದ್ದೆವು. ರೇಡಿಯೊಗೆ ಜ್ವರ ಬಂತು. ಅಫಿ ಮೊದಲನೇ ದಿನವೇ ಆಸ್ಪತ್ರೆ ಅಂದಳು. ನಾಳೆ ನೋಡೋಣ ಅಂದೆ. ತಲೆನೋವಿಗೆ, ಜ್ವರಕ್ಕೆ, ನಿದ್ದೆಗೆ ಒಳ್ಳೆಯದು ಅಂತ ನಾನೇ ಸಾವಿರ ಜನಕ್ಕೆ ಹೇಳಿ ಮಾರಿದ ಎಣ್ಣೆ ಚೀಲದಲ್ಲಿತ್ತು. ಅವನ ತಲೆಯನ್ನು ಮಡಿಲಲ್ಲಿಟ್ಟುಕೊಂಡು ಹಚ್ಚಿದೆ. ಬೇರು ಕುದಿಸಿ ಕುಡಿಸಿದೆ. ಮೂರು ದಿನ. ಅವನೂ ಆಸ್ಪತ್ರೆ ಬೇಡ ಅಂದ. “ನಮ್ ಎಣ್ಣೆ ಇರ್ವಾಗ ಯಾಕೆ?” ಅಂದ. ಮಾರುವವರು ತಾವು ಮಾರುವುದನ್ನು ನಂಬುವುದಿಲ್ಲ ಅಂತ ಎಲ್ಲರೂ ತಿಳಿದಿದ್ದಾರೆ. ನಾವು ನಂಬಿದ್ದೆವು. ನಾಲ್ಕನೇ ದಿನ ಬೈಕಿನಲ್ಲಿ ಓಡಿಸುವವನ ಬೆನ್ನಿಗೂ ನನ್ನ ಎದೆಗೂ ನಡುವೆ ಅವನನ್ನು ಕೂರಿಸಿಕೊಂಡು ಹೋದೆವು. ಮಲೇರಿಯಾ ಮೆದುಳಿಗೆ ಏರಿದೆ ಅಂದರು. ಹಗಲು ಹನ್ನೊಂದು ಗಂಟೆಗೆ ಸತ್ತ. ಕೂದಲು ಇನ್ನೂ ಎಣ್ಣೆಯಲ್ಲಿ ಮಿನುಗುತ್ತಿತ್ತು.

ಇದು ನನ್ನ ತಪ್ಪು. ಇದನ್ನು ನಾನು ಯಾವ ದೇವರ ಮುಂದೆ ಬೇಕಾದರೂ ಒಪ್ಪುತ್ತೇನೆ.

ಅವನನ್ನು ಅಫಿಯ ಹಟ್ಟಿಯ ಅಂಗಳಕ್ಕೆ ತಂದರು. ಹೊಸ ಚಾಪೆ ಹಾಸಿದರು. ಅಫಿ ತನ್ನ ಗಂಟು ಬಿಚ್ಚಿ ನೀಲಿ ಹೂವಿನ ಹೊಸ ಬಟ್ಟೆ ಹೊದಿಸಿದಳು. ಊರಿನ ಹಿರಿಯ ಬಂದ. ಹೆಂಗಸರೆಲ್ಲ ಬಂದರು. ನನ್ನ ಮಡಿಲಲ್ಲಿ ತಲೆಯಿಟ್ಟವರು ಏಳೆಂಟು ಜನ ಅವರಲ್ಲಿದ್ದರು. ನನಗೆ ಒಂದು ಕುರ್ಚಿ ತಂದು ಹಾಕಿದರು. ನಾನು ನೆಲದಲ್ಲಿ ಕೂತಿದ್ದೆ, ತೋಳು ಹಿಡಿದೆತ್ತಿ ಕುರ್ಚಿ ಮೇಲೆ ಕೂರಿಸಿದರು. ಗಂಡಸರು ಗುಂಡಿ ತೋಡಿದರು. ಮಣ್ಣು ಕೆಂಪು. ನಮ್ಮ ಹುಣಸೂರಿನ ಮಣ್ಣೇ. ಹಿರಿಯ ಒಂದು ಲೋಟದಲ್ಲಿ ಹೆಂಡ ತೆಗೆದುಕೊಂಡು, “ರೇಡಿಯೊ” ಅಂತ ಕರೆದು, ನೆಲಕ್ಕೆ ಸುರಿದ. ನಾನು ಜೋಳದ ಹಿಟ್ಟಿನ ಮುದ್ದೆ, ಮೀನು, ಒಂದು ಬೀಡಿ ಎಡೆ ಇಟ್ಟೆ. ಉಳಿದಿದ್ದ ಎಣ್ಣೆಯನ್ನೆಲ್ಲ ಆ ಮಣ್ಣಿಗೆ ಸುರಿದುಬಿಟ್ಟೆ. ಆಮೇಲೆ ನಾನು ಯಾರ ತಲೆಗೂ ಎಣ್ಣೆ ಹಚ್ಚಿಲ್ಲ.

ಹಿರಿಯ ಬರೆದುಕೊಟ್ಟ ಕಾಗದ, ಆಸ್ಪತ್ರೆ ಚೀಟಿ, ಎರಡನ್ನೂ ರವಿಕೆಯೊಳಗಿಟ್ಟು ತಂದೆ. ಇಲ್ಲಿ ಕಚೇರಿಯಲ್ಲಿ ಗುಮಾಸ್ತ ತಿರುಗಿಸಿ ಮುರುಗಿಸಿ ನೋಡಿದ.

“ಇದ್ಯಾವ್ ಭಾಷೆ ಅಮ್ಮ?”

“ಫ್ರೆಂಚು ಸಾರ್.”

“ಯಾರಿಗ್ ಬತ್ತದೆ ಇಲ್ಲಿ ಫ್ರೆಂಚು? ಹೆಸ್ರೇನು? ರೇಡಿಯೋನಾ?” ಅಂದು ಪಕ್ಕದವನಿಗೆ ತೋರಿಸಿದ. “ನೋಡ್ಲಾ ಇಲ್ಲಿ, ರೇಡಿಯೊ ಆಫ್ ಆಗ್ಯದಂತೆ.”

ನಕ್ಕರು. ಕಚೇರಿ ಕಚೇರಿಯೇ ನಕ್ಕಿತು. ನಾನು ನಿಂತಿದ್ದೆ. ಕೆಲಸ ಆಗಬೇಕಿತ್ತು, ಹಲ್ಲು ಕಚ್ಚಿಕೊಂಡೆ.

ಭಾಷಾಂತರ ಮಾಡಿಸು ಅಂದರು. ಮಾಡಿಸಿದೆ. ಮೈಸೂರಿಗೆ ಹೋಗು ಅಂದರು. ಹೋದೆ. ಸತ್ತದ್ದು ನಿಜ ಅಂತ ದಿಲ್ಲಿಯಿಂದ ಕಾಗದ ಬರಬೇಕು ಅಂದರು. ಕಾದೆ. ಕೂಲಿ ಬಿಟ್ಟು ಬಂದ ದಿನಗಳಿಗೆ ಲೆಕ್ಕವಿಲ್ಲ. ಕಚೇರಿಯ ಬೇವಿನ ಮರದ ಕೆಳಗೆ ಕೂತು ಕೂತು ಆ ಮರದ ಇರುವೆಗಳಿಗೂ ನನ್ನ ಗುರುತಾಯಿತು. ಒಂದು ವರ್ಷ ಕಳೆದ ಮೇಲೆ ಹೊಸ ಸಾಹೇಬರು ಬಂದರು, ಚೇತನ್‌ಕುಮಾರ್ ಅಂತ. ಚಿಕ್ಕ ವಯಸ್ಸು. ನಗುತ್ತಾ ಮಾತಾಡುವವರು. ನನ್ನನ್ನು ಒಳಗೆ ಕರೆದರು. ಕೂರು ಅನ್ನಲಿಲ್ಲ, ಆದರೆ ಬೈಯಲೂ ಇಲ್ಲ.

“ನೋಡಮ್ಮ, ನಿನ್ ಕಾಗದ ದಿಲ್ಲಿಯಿಂದ ಬಂದಿದೆ. ನನ್ ಹತ್ರಾನೇ ಇದೆ,” ಅಂದರು. ಫೈಲು ತೆರೆದು ತೋರಿಸಿದರು. ಕೆಂಪು ಮೊಹರು ಕಂಡಿತು.

ನಾನು ಎರಡು ಕೈ ಚಾಚಿದೆ.

“ಈಗಲ್ಲ. ಶನಿವಾರ ನಿಮ್ ಕಾಲನಿಲಿ ಜಾಗೃತಿ ಶಿಬಿರ ಇದೆ. ಸುಮ್ ಸುಮ್ನೆ ಫಾರಿನ್‌ಗೆ ಹೋಗಿ ಸಿಕ್ಕಾಕೊಳ್ತೀರಲ್ಲ, ಅದನ್ನ ನಿಲ್ಲಿಸ್ಬೇಕು ಅಂತ. ಅಲ್ಲಿ ಸ್ಟೇಜ್ ಮೇಲೆ ನಾನೇ ನಿನ್ ಕೈಗೆ ಕೊಡ್ತೀನಿ. ಫೋಟೋ ಬರುತ್ತೆ, ಪೇಪರ್‌ನೋರು ಬರ್ತಾರೆ. ನೀನು ಎರಡು ಮಾತು ಆಡ್ಬೇಕು ಅಷ್ಟೆ. ಬರ್ಸಿಟ್ಟಿದೀನಿ. ಮಗಳ ಹತ್ರ ಓದಿಸ್ಕೊಂಡು ಬಾಯಿಪಾಠ ಮಾಡ್ಕೊ.”

ಹಾಳೆ ತಂದೆ. ಸಂಜೆ ಒಲೆ ಮುಂದೆ ಕೂತು ಪ್ರೇಮಾ ಓದಿದಳು.

‘ನನ್ನ ಹೆಸರು ಸೋಮಿ. ನಾನೂ ನನ್ನ ಪತಿಯೂ ಆಸೆಗೆ ಬಿದ್ದು ಟೋಗೊ ಎಂಬ ದೇಶಕ್ಕೆ ಹೋದೆವು. ಅಲ್ಲಿನ ಮುಗ್ಧ ಜನರಿಗೆ ನಕಲಿ ಎಣ್ಣೆ ಮಾರಿ ಮೋಸ ಮಾಡಿದೆವು. ಅದರ ಫಲವಾಗಿ ನನ್ನ ಪತಿ ಗೊತ್ತುಗುರಿಯಿಲ್ಲದ ನಾಡಿನಲ್ಲಿ ಅನಾಥ ಹೆಣವಾದರು. ನನ್ನ ಜನರು ಇಂಥ ದಾರಿ ಹಿಡಿಯಬಾರದೆಂದು ಕೈಮುಗಿದು ಬೇಡುತ್ತೇನೆ.’

ಓದಿ ಹಾಳೆ ಮಡಚಿದಳು. ಸಾರು ಉಕ್ಕಿ ಒಲೆಗೆ ಬಿತ್ತು.

“ಮೋಸ ಮಾಡ್ದೋ ಅಂತ ಬರ್ದವ್ರೆ,” ಅಂದೆ.

“ಬುಡವ್ವ. ಒಂದ್ ನಿಮಿಷದ್ ಮಾತು. ಏಳ್ಬುಟ್ಟು ಕಾಗದ ಇಸ್ಕೊ. ಹೊಲ ಬೇಡ್ವಾ ನಿಂಗೆ?”

“ಅನಾಥ ಹೆಣ ಅಂತ್ಲೂ ಬರ್ದವ್ರೆ.”

“ಅವ್ರಿಗೇನ್ ಗೊತ್ತು? ಅಪ್ಪಂಗೆ ಯಾರ್ ಮಣ್ ಹಾಕುದ್ರು ಅಂತ ಅವ್ರ್ ಕಂಡವ್ರಾ?” ಅಂದಳು. ಅವಳು ಅಪ್ಪನ ಮುಖ ಕೊನೆಗೆ ನೋಡಿಲ್ಲ. ಕಾಗದ ಅವಳಿಗೂ ಬೇಕಿತ್ತು. ನಾನು ಆಯ್ತು ಅಂದೆ. ಎರಡು ದಿನ ಹೊಗೆಸೊಪ್ಪು ಕಟ್ಟುತ್ತಾ ಆ ಮಾತುಗಳನ್ನು ಬಾಯಲ್ಲಿ ಉರುಹೊಡೆದೆ. ಮೋಸ ಮಾಡಿದೆವು, ಮೋಸ ಮಾಡಿದೆವು. ಎಲೆಯ ಕಹಿಯೋ ಮಾತಿನ ಕಹಿಯೋ, ಎರಡು ದಿನವೂ ಅನ್ನ ಇಳಿಯಲಿಲ್ಲ.

ಶನಿವಾರ ಸಮುದಾಯ ಭವನದಲ್ಲಿ ಬ್ಯಾನರು ಕಟ್ಟಿದ್ದರು. ವೇದಿಕೆ ಮೇಲೆ ಬಟ್ಟೆ ಹೊದಿಸಿದ ಕುರ್ಚಿಗಳು. ಕೆಳಗೆ ಹೊರಗಿನಿಂದ ಬಂದವರಿಗೆ ಪ್ಲಾಸ್ಟಿಕ್ ಕುರ್ಚಿ. ನಮಗೆ ಟಾರ್ಪಾಲು. ನಂಜಣ್ಣ ಕುರ್ಚಿಯಲ್ಲಿ ಕಾಲು ಮೇಲೆ ಕಾಲು ಹಾಕಿ ಕೂತಿದ್ದ. ಅದು ನಮ್ಮ ಕಾಲನಿ, ನಮ್ಮ ಭವನ. ನಾವೇ ನೆಲದಲ್ಲಿದ್ದೆವು. ಭವನದ ಹಿಂದುಗಡೆ ನಮ್ಮ ಊಟಕ್ಕೆ ರಾಗಿ ಮುದ್ದೆ ಬೇಯುತ್ತಿತ್ತು.

ಮೊದಲು ಸುರೇಶ್ ಮೇಷ್ಟ್ರು ಮಾತಾಡಿದರು. ಮೈಸೂರಿನ ಕಡೆಯವರು, ಭೂಗೋಳ ಪಾಠ ಮಾಡುವವರಂತೆ. ಕೆಟ್ಟವರಲ್ಲ. ಹೇಳಿಕೊಟ್ಟದ್ದನ್ನು ಹೇಳಲು ಬಂದವರು. ಗೋಡೆಯ ಮೇಲೆ ಬೆಳಕು ಬಿಟ್ಟು ಅಕ್ಷರ ಮೂಡಿಸಿದರು. ‘ಟೋಗೊ: ಭೂಗೋಳ, ಸಂಸ್ಕೃತಿ, ಆರ್ಥಿಕತೆ.’ ನಮ್ಮ ರಾಜ್ಯದ ಮೂರನೇ ಒಂದು ಪಾಲೂ ಇಲ್ಲದ ಪುಟ್ಟ ದೇಶ ಅಂದರು. ಪಡುವಣಕ್ಕೆ ಘಾನಾ, ಮೂಡಣಕ್ಕೆ ಬೆನಿನ್. ತೆಂಕಣಕ್ಕೆ ಒಂದು ಚೂರು ಕಡಲು. ಬೆಳೆ ಹತ್ತಿ, ಕಾಫಿ, ಕೋಕೋ. ಭೂಮಿಯಿಂದ ತೆಗೆಯುವುದು ಫಾಸ್ಫೇಟು, ಗೊಬ್ಬರದ ಕಲ್ಲು. ಎಲ್ಲ ಸರಿಯಿತ್ತು. ಆಮೇಲೆ ಚಿತ್ರ ತೋರಿಸಿದರು. ಸಾಲಾಗಿಟ್ಟ ಪ್ರಾಣಿಗಳ ತಲೆಬುರುಡೆ.

“ಮಾಟ ಮಂತ್ರವೇ ಇವರ ಸಂಸ್ಕೃತಿ. ಬಹಳ ಹಿಂದುಳಿದ ಜನ. ಆಹಾರ ಏನು ಅಂದ್ರೆ, ನೋಡಿ, ಹಿಟ್ಟನ್ನ ಬೇಯಿಸಿ ಉಂಡೆ ಮಾಡಿ ಕೈಯಲ್ಲಿ ಮುರಿದು ನುಂಗ್ತಾರೆ.”

ಕುರ್ಚಿಯಲ್ಲಿದ್ದವರು ಮುಖ ಸಿಂಡರಿಸಿದರು. ಹಿಂದೆ ಮುದ್ದೆ ಬೇಯುವ ವಾಸನೆ ಬರುತ್ತಲೇ ಇತ್ತು. ಟಾರ್ಪಾಲಿನ ಮೇಲೆ ಕೂತಿದ್ದ ನಮ್ಮವರಲ್ಲಿ ಹದಿನೈದು ಜನವಾದರೂ ಆ ದೇಶದಲ್ಲಿ ಆ ಮುದ್ದೆ ತಿಂದು ಬದುಕಿದವರು. ಒಬ್ಬರೂ ಬಾಯಿ ಬಿಡಲಿಲ್ಲ. ನಾವು ಹಾಗೆ ಕಲಿತಿದ್ದೇವೆ. ಕುರ್ಚಿಯಲ್ಲಿ ಕೂತವರು ಮಾತಾಡುವಾಗ ನಮ್ಮ ಕಣ್ಣಿಂದ ಕಂಡದ್ದನ್ನೂ ಸುಳ್ಳು ಅಂದುಕೊಳ್ಳುತ್ತೇವೆ.

ಆಮೇಲೆ ನನ್ನ ಹೆಸರು ಕೂಗಿದರು.

ಹತ್ತಿದೆ. ಸಾಹೇಬರು ಲಕೋಟೆ ಹಿಡಿದು ನಿಂತಿದ್ದರು. ಫೋಟೋದವನು ಮುಂದೆ ಬಂದ. ಮೈಕು ಕೊಟ್ಟರು. ಕೈಯಲ್ಲಿ ಸೊಪ್ಪಿನ ಅಂಟು ಇನ್ನೂ ಇತ್ತು, ಮೈಕಿಗೆ ಹತ್ತಿತು. ಕೆಳಗೆ ಪ್ರೇಮಾ ನನ್ನನ್ನೇ ನೋಡುತ್ತಿದ್ದಳು.

“ನನ್ನ ಹೆಸರು ಸೋಮಿ,” ಅಂದೆ. “ನಾನೂ ನನ್ನ ಪತಿಯೂ ಆಸೆಗೆ ಬಿದ್ದು ಟೋಗೊ ಎಂಬ ದೇಶಕ್ಕೆ ಹೋದೆವು.”

ಅಲ್ಲಿವರೆಗೆ ಬಂತು. ಮುಂದಿನದು ಬರಲಿಲ್ಲ. ಮರೆತಿರಲಿಲ್ಲ. ನಾಲಿಗೆಯ ಮೇಲೇ ಇತ್ತು. ಉಗುಳಲೂ ಆಗಲಿಲ್ಲ, ನುಂಗಲೂ ಆಗಲಿಲ್ಲ. ಸಾಹೇಬರು ಪಕ್ಕದಿಂದ “ಅಲ್ಲಿನ ಮುಗ್ಧ ಜನರಿಗೆ” ಅಂತ ಮೆಲ್ಲಗೆ ಹೇಳಿಕೊಟ್ಟರು.

“ಇಲ್ಲ ಸಾರ್,” ಅಂದೆ. “ಇದು ನನ್ ಬಾಯಲ್ ಬರಾಕಿಲ್ಲ.”

“ಪರ್ವಾಗಿಲ್ಲಮ್ಮ, ನಿಧಾನಕ್ಕೆ ಹೇಳು.”

“ನಿಧಾನುಕ್ಕೂ ಬರಾಕಿಲ್ಲ.” ನಾನು ಮೇಷ್ಟ್ರ ಕಡೆ ತಿರುಗಿದೆ. “ಮೇಷ್ಟ್ರೇ, ನೀವ್ ಏಳಿದ್ ಉದ್ದ ಅಗಲ ಎಲ್ಲ ಸರಿ ಅದೆ. ಕಡಲ್ ಪಕ್ಕ ಆ ದೇಶ ಎಷ್ಟ್ ಅಗಲ ಅಂದ್ರೆ, ಹುಣಸೂರಲ್ ಬಸ್ ಅತ್ತಿ ಮೈಸೂರಲ್ ಇಳಿದಂಗೆ, ಮುಗ್ದೇ ಓಯ್ತದೆ. ಉದ್ದ ಮಾತ್ರ ಕೇಳ್ಬ್ಯಾಡಿ. ಬಡಗಲಾಗಿ ಓಯ್ತಾ ಓಯ್ತಾ ಮರ ಕಮ್ಮಿ ಆಯ್ತದೆ, ಧೂಳ್ ಜಾಸ್ತಿ ಆಯ್ತದೆ. ನೀವ್ ಏಳಿದ್ ಗೊಬ್ಬರದ್ ಕಲ್ ನಾನೂ ಕಂಡಿವ್ನಿ. ಅದುನ್ನ ಅಗ್ದು ಹಡಗ್ಗೆ ತುಂಬ್ತಾರೆ. ಹಡಗು ಓಯ್ತದೆ, ಅಲ್ಲಿನ ಜನುಕ್ಕೆ ಬಿಳೀ ಧೂಳ್ ಉಳೀತದೆ. ಹತ್ತಿ ಬಿಡ್ಸೋ ಹೆಂಗಸ್ರ್ ಕೈ ನೋಡಿವ್ನಿ. ನನ್ ಕೈಯಂಗೇ ಅವೆ. ಅವ್ರ್ ಬೆಳೀತಾರೆ, ಇನ್ಯಾರೋ ತಗೊಂಡೋಯ್ತಾರೆ. ನನ್ ಹೊಲದ್ ಹೊಗೆಸೊಪ್ಪಿನಂಗೆ.”

ನಂಜಣ್ಣ ಕಾಲು ಇಳಿಸಿದ.

“ಮೈಕ್ ಕೊಡಮ್ಮ,” ಅಂದರು ಸಾಹೇಬರು. ನಾನು ಕೊಡಲಿಲ್ಲ.

“ನಾನ್ ತಪ್ಪ್ ಮಾಡಿವ್ನಿ ಸಾರ್. ನನ್ ಗಂಡುನ್ನ ಮೊದುಲ್ನೇ ದಿನ್ವೇ ಆಸ್ಪತ್ರೆಗ್ ಸೇರ್ಸ್‌ಬೇಕಾಗಿತ್ತು, ಸೇರುಸ್ಲಿಲ್ಲ. ನಮ್ ಎಣ್ಣೆ ನಂಬ್ದೋ. ಅದು ತಪ್ಪು. ನಾನ್ ಸಾಯೋ ಗಂಟ ಅದು ನನ್ ತಲೆ ಮೇಲಿರ್ತದೆ. ಆದ್ರೆ ಮೋಸ ಮಾಡಿಲ್ಲ. ಮೋಸ ಮಾಡೋಳು ಆ ಎಣ್ಣೇನ ತನ್ ಗಂಡನ್ ತಲೆಗ್ ಹಚ್ಚಾಕಿಲ್ಲ. ಇನ್ನೊಂದ್ ಮಾತು. ಅವ್ನು ಅನಾಥ ಹೆಣ ಆಗ್ಲಿಲ್ಲ. ನೀವ್ ಹಿಂದುಳಿದ ಜನ ಅಂದ್ರಲ್ಲ, ಅವ್ರ್ ಅವುನ್ಗೆ ಹೊಸ ಬಟ್ಟೆ ಹೊದ್ದುಸುದ್ರು. ಹೆಸ್ರು ಇಡ್ದು ಕರುದ್ರು, ನಗ್ಲಿಲ್ಲ. ನಂಗೆ ಕುರ್ಚಿ ಹಾಕುದ್ರು. ಇಲ್ಲಿ ನಮ್ ಭವನ್ದಾಗೆ ನಮ್ಮುನ್ನ ನೆಲುಕ್ ಕೂರ್ಸಿದೀರ.”

ಮೈಕಿನ ಸದ್ದು ನಿಂತುಹೋಯಿತು. ಯಾರೋ ವೈರು ಕಿತ್ತಿದ್ದರು. ಫೋಟೋದವನು ಕ್ಯಾಮೆರಾ ಇಳಿಸಿದ್ದ. ಸಾಹೇಬರು ನಗುತ್ತಲೇ ಇದ್ದರು. ಸಭೆಗೆ “ಪಾಪ, ಭಾವುಕರಾಗಿದ್ದಾರೆ” ಅಂದರು. ಲಕೋಟೆಯನ್ನು ಫೈಲಿನೊಳಗೆ ಇಟ್ಟರು. ಇಡುವಾಗ ನನಗೆ ಮಾತ್ರ ಕೇಳುವ ಹಾಗೆ ಹೇಳಿದರು.

“ಇದ್ರಲ್ಲಿ ಇನ್ನೊಂದು ಪರಿಶೀಲನೆ ಬಾಕಿ ಇದೆ ಕಣಮ್ಮ. ಆಫೀಸಿಗೆ ಬಾ, ನೋಡೋಣ.”

ಮೇಷ್ಟ್ರು ತಲೆ ತಗ್ಗಿಸಿ ವೈರು ಸುತ್ತುತ್ತಿದ್ದರು. ನಾನು ಇಳಿದು ಬಂದೆ. ಯಾರೂ ಚಪ್ಪಾಳೆ ತಟ್ಟಲಿಲ್ಲ. ನಮ್ಮವರೇ ಎಷ್ಟೋ ಜನ ಬೈದರು. ಎರಡು ಮಾತು ಆಡಿ ಕಾಗದ ಇಸಿದುಕೊಳ್ಳಲು ನಿನಗೇನು ದಾಡಿಯಾಗಿತ್ತು ಅಂದರು. ಅವರ ಸಿಟ್ಟು ನನಗೆ ಅರ್ಥವಾಗುತ್ತದೆ. ಅಂದು ಮುದ್ದೆ ಉಣ್ಣದೆ ಎದ್ದು ಬಂದವರು ನಾವಿಬ್ಬರೇ. ಮನೆಗೆ ಬಂದು ಪ್ರೇಮಾ ನನ್ನ ಕೈಗೆ ಮಣ್ಣು ಹಾಕಿ ಉಜ್ಜಿ ಅಂಟು ತೆಗೆದಳು.

ಸೋಮವಾರ ಕಚೇರಿಗೆ ಹೋದೆ. ಫೈಲು ಮೇಲಕ್ಕೆ ಹೋಗಿದೆ ಅಂದರು. ಮೇಲಕ್ಕೆ ಅಂದರೆ ಎಲ್ಲಿಗೆ ಅಂತ ಕೇಳಿದೆ. ಮೇಲಕ್ಕೆ ಅಂದರೆ ಮೇಲಕ್ಕೆ ಅಂದರು. ನಂಜಣ್ಣ ನನ್ನನ್ನು ಕೂಲಿಗೆ ಕರೆಯುವುದು ಬಿಟ್ಟ. ಉಳಿದಿದ್ದ ಒಂದೂಕಾಲು ಎಕರೆಯ ಬದುವಿಗೂ ಟ್ರಾಕ್ಟರ್ ಬಿಟ್ಟ.

ಮುಂದಿನ ತಿಂಗಳ ಮೊದಲ ವಾರ ರೇಷನ್ನಿಗೆ ಹೋದೆ. ಅಂಗಡಿಯ ಭಾಗ್ಯಮ್ಮ ನನ್ನ ಹೆಬ್ಬೆಟ್ಟು ಒತ್ತಿಸಿಕೊಂಡು ಹದಿನೈದು ಕೆಜಿ ತೂಗಿದಳು.

“ಹತ್ತೇ ಕೊಡಕ್ಕ,” ಅಂದೆ. “ನಾವ್ ಇಬ್ರೇ ಇರೋದು.”

“ಕಂಪ್ಯೂಟ್ರಲ್ಲಿ ಮೂರ್ ಜನ ತೋರುಸ್ತದೆ ಕಣಮ್ಮ.”

“ನನ್ ಗಂಡ ಸತ್ತವ್ನೆ. ಅವ್ನ್ ಹೆಸ್ರು ತೆಗ್ದಾಕು.”

“ಸರ್ಟಿಫಿಕೇಟ್ ಇಲ್ದೆ ಎಂಗ್ ತೆಗೀಲಿ? ನನ್ ತಲೆ ಓಯ್ತದೆ. ನಿಂಗೇನ್ ನಷ್ಟ? ಬಂದಿದ್ ಅಕ್ಕಿ ಸುಮ್ನೆ ತಗೊಂಡೋಗು. ಉಣ್ಣಾಕ್ ಬಾಯಿಲ್ವಾ?”

ಬಾಯಿ ಇತ್ತು. ಕೂಲಿ ಇಲ್ಲದೆ ಹದಿನೈದು ದಿನವಾಗಿತ್ತು. ಒಂದು ವರ್ಷದಿಂದ ಆ ಅಕ್ಕಿಯನ್ನು ಉಂಡಿದ್ದೆ, ಸುಳ್ಳೇಕೆ. ಆ ದಿನ ಮಾತ್ರ ಚೀಲ ಹೊತ್ತು ಬರುವಾಗ ಹೆಜ್ಜೆ ಏಳಲಿಲ್ಲ. ಅವನ ಹೆಣವನ್ನೇ ಹೊತ್ತ ಹಾಗಿತ್ತು. ಭೂಮಿ ಕೇಳಿದರೆ ಮಾಲೀಕ ಬರಲಿ ಅನ್ನುತ್ತಾರೆ. ಸತ್ತ ಅಂದರೆ ಬರೆದುಕೊಡುವುದಿಲ್ಲ. ಬಾಯಿ ಮುಚ್ಚಿಕೊಂಡಿರು ಅಂತ ಅಕ್ಕಿ ಕೊಡುತ್ತಾರೆ.

ಮನೆಗೆ ಬಂದು ಐದು ಕೆಜಿ ಬೇರೆ ಅಳೆದೆ. ಒಂದು ಬಿಳಿ ಚೀಲಕ್ಕೆ ಹಾಕಿದೆ. ಪ್ರೇಮಾಗೆ ಅದರ ಮೇಲೆ ಬರಿ ಅಂದೆ. ಅವಳು ಸ್ಕೆಚ್ ಪೆನ್ನಿನಲ್ಲಿ ದಪ್ಪಗೆ ಬರೆದಳು: ‘ರೇಡಿಯೊ.’

ಇಬ್ಬರೂ ಬಸ್ಸು ಹತ್ತಿ ಕಚೇರಿಗೆ ಹೋದೆವು. ತಡೆದವರನ್ನು ದಾಟಿ ಒಳಗೆ ನುಗ್ಗಿದೆ. ಸಾಹೇಬರ ಮೇಜಿನ ಮೇಲೆ ಚೀಲ ಇಟ್ಟೆ.

“ಏನಮ್ಮ ಇದು?”

“ನನ್ ಗಂಡನ್ ಪಾಲ್ ಸಾರ್. ನೀವ್ ಅವ್ನು ಬದ್ಕವ್ನೆ ಅಂತೀರ. ಹಂಗಾರೆ ಕರ್ಸಿ ಅವ್ನ್ ಕೈಗೇ ಕೊಡಿ. ಸತ್ತವ್ನೆ ಅನ್ನಂಗಿದ್ರೆ ನಂಗ್ ಬರ್ಕೊಡಿ. ಎರಡ್ರಲ್ ಒಂದ್ ಮಾಡಿ.”

ಅವತ್ತು ಅವರ ಮುಖದಲ್ಲಿ ನಗು ಇರಲಿಲ್ಲ. ಚೀಲ ತೆಗೆದುಕೊಂಡು ಹೋಗು ಅಂದರು. ಪೊಲೀಸರನ್ನು ಕರೆಸುತ್ತೇನೆ ಅಂದರು. ಕರೆಸಿ ಅಂದೆ. ಅಕ್ಕಿ ವಾಪಸು ತಂದುಕೊಟ್ಟವಳ ಮೇಲೆ ಯಾವ ಕೇಸು ಹಾಕುವುದೋ ಅವರಿಗೂ ತಿಳಿಯಲಿಲ್ಲ. ಬಿಟ್ಟು ಬಂದೆವು.

ಮುಂದಿನ ತಿಂಗಳು ಇನ್ನೊಂದು ಚೀಲ ಇಟ್ಟೆ. ಆ ಮುಂದಿನ ತಿಂಗಳು ಇನ್ನೊಂದು. ಈಗ ಪಿರಿಯಾಪಟ್ಟಣದ ಆಚೆ ಬೈಲಕುಪ್ಪೆಯ ಹತ್ತಿರ ಜೋಳದ ಹೊಲದಲ್ಲಿ ಕಳೆ ಕೀಳುತ್ತೇನೆ, ಹೋಗಿ ಬರುವುದಕ್ಕೇ ಅರ್ಧ ದಿನ. ಮನೆಯಲ್ಲಿ ಕೆಲವು ದಿನ ಗಂಜಿಗೂ ತತ್ವಾರ. ಆದರೂ ಆ ಐದು ಕೆಜಿಯಲ್ಲಿ ಒಂದು ಕಾಳು ಮುಟ್ಟುವುದಿಲ್ಲ. ಪ್ರೇಮಾ ಒಂದು ದಿನವೂ ಯಾಕವ್ವ ಅನ್ನಲಿಲ್ಲ.

ಭಾನುವಾರ ಅಫಿ ಫೋನಿನಲ್ಲಿ ಮಾತು ಕಳಿಸುತ್ತಾಳೆ. ಅಜೋ ಅಂತ ಕರೆಯುವುದು ತಿಳಿಯುತ್ತದೆ, ರೇಡಿಯೊ ಅನ್ನುವುದು ತಿಳಿಯುತ್ತದೆ. ನಡುವಿನದು ತಿಳಿಯುವುದಿಲ್ಲ. ಹಿಂದೆ ಕೋಳಿ ಕೂಗುತ್ತದೆ, ಪೊರಕೆಯಲ್ಲಿ ಗುಡಿಸುವ ಸದ್ದು ಬರುತ್ತದೆ. ಒಂದು ಫೋಟೋ ಬರುತ್ತದೆ. ಕೆಂಪು ಮಣ್ಣಿನ ದಿಬ್ಬ, ಸುತ್ತ ಚೊಕ್ಕಟ. ಅಲ್ಲಿ ಅವನು ಸತ್ತಿದ್ದಾನೆ. ಅಲ್ಲಿ ಎಲ್ಲರಿಗೂ ಗೊತ್ತು. ಪ್ರೇಮಾ ಆ ಫೋಟೋವನ್ನು ದೊಡ್ಡದು ಮಾಡಿ ಮಾಡಿ ನೋಡುತ್ತಾಳೆ, ಬೆರಳಲ್ಲಿ ಸವರುತ್ತಾಳೆ.

ಮೊನ್ನೆ ನಾಲ್ಕನೇ ಚೀಲ ತೆಗೆದುಕೊಂಡು ಹೋದೆವು. ಹಿಂದಿನ ಮೂರೂ ಕಚೇರಿಯ ಮೂಲೆಯಲ್ಲಿ ಸಾಲಾಗಿ ನಿಂತಿದ್ದವು. ಅಕ್ಕಿಗೆ ಹುಳ ಬಿದ್ದಿತ್ತು. ಚೀಲದ ಮೇಲಿನ ಹೆಸರು ಹಾಗೇ ಇತ್ತು. ರೇಡಿಯೊ, ರೇಡಿಯೊ, ರೇಡಿಯೊ. ಅಂದು ರೇಡಿಯೊ ಆಫ್ ಆಗ್ಯದಂತೆ ಅಂದಿದ್ದ ಗುಮಾಸ್ತನೇ ಕೂತಿದ್ದ. ಚೀಲ ಕಂಡು ನಗಲಿಲ್ಲ. ಎದ್ದು ಬಂದು ಮೆಲ್ಲಗೆ ಕೇಳಿದ.

“ಎಲ್ಲೀ ಗಂಟ ಹಿಂಗೇ ತತ್ತೀಯಮ್ಮ ನೀನು?”

ನಾನು ಚೀಲವನ್ನು ಆ ಮೂರರ ಪಕ್ಕ ಇಟ್ಟು, ಹೆಸರು ಎದುರಿಗೆ ಕಾಣುವ ಹಾಗೆ ತಿರುಗಿಸಿದೆ.

“ನೀವ್ ಅವುನ್ನ ಸಾಯಾಕ್ ಬುಡೋ ಗಂಟ,” ಅಂದೆ.